ಪಿಚರನು ದಾಂಡು ಹಿಡಿಯಬೇಕೆ?

ಮೈಸೂರಿನಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ ಅವರು ಟೆಸ್ಟ್ ಕ್ರಿಕೆಟ್ಟಿನಲ್ಲಿ ಪಡೆದ ವಿಕೆಟ್ಟುಗಳು 242; ದಾಂಡು ಹಿಡಿದು ಗಳಿಸಿದ ಓಟಗಳು 167 ಮಾತ್ರ. ಅವರು ಚೆಂಡನ್ನಷ್ಟೇ ಎಸೆಯಲಿ, ಅವರಿಗೆ ಬದಲಾಗಿ ಬೇರೊಬ್ಬರು ದಾಂಡು ಹಿಡಿಯಲಿ ಎಂಬ ನಿಯಮವಿದ್ದಿದ್ದರೆ ಆಟಕ್ಕೆ ಲಾಭವಾಗುತ್ತಿತ್ತೆ? ವಿನೋದದ ಮಾತಿನಂತೆ ತೋರುವ ಈ ಪ್ರಶ್ನೆಯನ್ನು ಕುರಿತು ಅಮೆರಿಕದ ಬೇಸ್‌ಬಾಲ್ ಪ್ರಪಂಚವು ನೂರು ವರ್ಷಗಳಿಗೂ ಮೇಲ್ಪಟ್ಟು ವಾದಿಸಿದೆ.

ಬೇಸ್‌ಬಾಲ್ ತಂಡದಲ್ಲಿ ಒಂಬತ್ತು ಮಂದಿ. ಎಲ್ಲರೂ ಸರದಿಯಂತೆ ದಾಂಡು ಹಿಡಿಯುವರು. ಒಂಬತ್ತನೆಯವನ ತರುವಾಯ ಮೊದಲನೆಯವನೇ ಮತ್ತೆ ಬರುವನು. ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನಿಗೂ ದಾಂಡಿಗನ ಬಳಿಯ ಫಲಕಕ್ಕೂ ನಡುವಿನ ಅಂತರ 60 ಅಡಿ 6 ಅಂಗುಲ. ಎಸೆಯುವಾಗ ಅವನು ಮುಂದಕ್ಕೆ ಹೆಜ್ಜೆಯಿಡುವುದರಿಂದ, ಕೈಬಿಟ್ಟ ಚೆಂಡು ಸಾಗಬೇಕಾದ ದೂರ ಸುಮಾರು 55 ಅಡಿ. ಗಂಟೆಗೆ 95 ಮೈಲಿ ಎಂದರೆ ಸೆಕೆಂಡಿಗೆ 139 ಅಡಿ. ಭಾಗಿಸಿ ನೋಡಿದರೆ ದಾಂಡಿಗನಿಗೆ ದೊರೆಯುವ ಕಾಲ 0.4 ಸೆಕೆಂಡು! ಇದರಲ್ಲಿ ದಾಂಡನ್ನು ಬೀಸುವುದಕ್ಕೇ ಸುಮಾರು 0.15 ಸೆಕೆಂಡು ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ ಕಣ್ಣು ಚೆಂಡನ್ನು ಗುರುತಿಸಬೇಕು, ಅದು ನೇರವಾಗಿ ಬರುವುದೋ ಬಾಗುವುದೋ ಎಂಬುದನ್ನು ಮಿದುಳು ನಿರ್ಣಯಿಸಬೇಕು, ಸ್ನಾಯುಗಳಿಗೆ ಆಜ್ಞೆ ತಲುಪಬೇಕು. ಸಾವಿರಾರು ಎಸೆತಗಳನ್ನು ಎದುರಿಸಿದ ಅಭ್ಯಾಸವಿಲ್ಲದೆ ಈ ವಿದ್ಯೆ ಸಿದ್ಧಿಸದು. ಪಂದ್ಯವನ್ನು ಆರಂಭಿಸುವ ಪಿಚರನಾದರೋ ಐದಾರು ದಿನಗಳಿಗೊಮ್ಮೆ ಕಣಕ್ಕಿಳಿಯುವವನು. ಅವನ ಸಾಧನೆಯೆಲ್ಲ ತೋಳಿಗೇ ಮೀಸಲು. ಸಾವಿರ ಅವಕಾಶಗಳಲ್ಲಿ 300 ಸಫಲ ಹೊಡೆತಗಳನ್ನು ಹೊಡೆದವನು ಉತ್ತಮ ದಾಂಡಿಗನೆನಿಸುವನು. 2021ರಲ್ಲಿ ಪಿಚರುಗಳ ಪಾಲಿಗೆ ಬಂದುದು ಸುಮಾರು 110.

ಪಿಚರನ ಬದಲು ಬೇರೊಬ್ಬನು ಹೊಡೆಯಲೆಂದು ಕಾನಿ ಮ್ಯಾಕ್ ಎಂಬವರು 1906ರಲ್ಲೇ ಸೂಚಿಸಿದ್ದರು, ಬೆಂಬಲ ದೊರೆಯಲಿಲ್ಲ. 1968ರಲ್ಲಿ ಪಿಚರುಗಳ ಕೈ ಎಷ್ಟು ಮೇಲಾಯಿತೆಂದರೆ, ಅಮೆರಿಕನ್ ಲೀಗಿನ ಅಗ್ರ ದಾಂಡಿಗನ ಸರಾಸರಿಯೇ ಸಾವಿರಕ್ಕೆ 301. ಮರುವರ್ಷ ಪಿಚರನು ನಿಲ್ಲುವ ದಿಬ್ಬದ ಎತ್ತರವನ್ನು 15 ಅಂಗುಲದಿಂದ 10ಕ್ಕೆ ಇಳಿಸಿದರು. ಅಷ್ಟಕ್ಕೂ ತೃಪ್ತಿಯಾಗದೆ, ಅಮೆರಿಕನ್ ಲೀಗಿನ ತಂಡಗಳ ಒಡೆಯರು 1973ರಲ್ಲಿ 8–4 ಮತಗಳಿಂದ ಹೊಸ ನಿಯಮವನ್ನು ಅಂಗೀಕರಿಸಿದರು. ಅದರ ಪ್ರಕಾರ ಡೆಸಿಗ್ನೇಟೆಡ್ ಹಿಟರ್, ಅಂದರೆ ನಿಯುಕ್ತ ದಾಂಡಿಗನು, ಪಿಚರನ ಸರದಿಯಲ್ಲಿ ಹೊಡೆಯುವನು; ಕ್ಷೇತ್ರರಕ್ಷಣೆ ಅವನಿಗಿಲ್ಲ. ಆ ವರ್ಷದ ಏಪ್ರಿಲ್ 6ರಂದು ಬಾಸ್ಟನ್ನಿನಲ್ಲಿ ಮೊತ್ತಮೊದಲ ನಿಯುಕ್ತ ದಾಂಡಿಗರಾಗಿ ಬಂದ ರಾನ್ ಬ್ಲೂಮ್‌ಬರ್ಗ್ ಮೊದಲ ನೆಲೆಯನ್ನು ತಲುಪಿದುದು ಹೊಡೆತದಿಂದಲ್ಲ, ಎದುರಾಳಿಯ ನಾಲ್ಕು ದೋಷದ ಎಸೆತಗಳಿಂದ!

ನ್ಯಾಷನಲ್ ಲೀಗ್ ಈ ನಿಯಮವನ್ನು ಒಪ್ಪಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಭಾಗ್ಯವೆಂದೇ ಹೇಳಬೇಕು. ಒಂದೇ ಆಟ, ಒಂದೇ ದೇಶ, ಒಂದೇ ಋತು. ಬದಲಾದುದು ಒಂದು ಲೀಗಿನ ಒಂದು ನಿಯಮ. ಪ್ರಯೋಗಶಾಲೆಯಲ್ಲಿ ನಾವು ಇದಕ್ಕಿಂತ ಹೆಚ್ಚೇನನ್ನು ಬಯಸುತ್ತೇವೆ? 1972ರಿಂದ 1973ಕ್ಕೆ ಅಮೆರಿಕನ್ ಲೀಗಿನ ಸರಾಸರಿ ಸಾವಿರಕ್ಕೆ 239ರಿಂದ 259ಕ್ಕೆ ಏರಿತು. ಇಪ್ಪತ್ತೂ ಹೊಸ ನಿಯಮದ ಫಲವೆಂದು ಆತುರಪಡಬಾರದು. ನಿಯಮವಿಲ್ಲದ ನ್ಯಾಷನಲ್ ಲೀಗಿನಲ್ಲಿಯೂ ಸರಾಸರಿ 248ರಿಂದ 254ಕ್ಕೆ ಏರಿತ್ತು. ಆ ಆರನ್ನು ಕಳೆದರೆ ನಿಯಮದ ಪಾಲಿಗೆ ಸ್ಥೂಲವಾಗಿ ಹದಿನಾಲ್ಕು ಉಳಿಯುತ್ತದೆ.

ಅಂಕಿಗಳು ತೂಗಲಾರದ ಸಂಗತಿಯೊಂದುಂಟು. ತಂಡವು ಒಂದು ಓಟದಿಂದ ಹಿಂದಿದೆ. ಚೆನ್ನಾಗಿ ಎಸೆಯುತ್ತಿರುವ ಪಿಚರನಿಗೇ ದಾಂಡಿನ ಸರದಿ ಬಂದಿದೆ. ಬದಲಿ ದಾಂಡಿಗನನ್ನು ಕಳುಹಿಸಿದರೆ ಓಟ ಬಂದೀತು, ಆದರೆ ಹೊರಬಂದ ಪಿಚರನು ಆ ಪಂದ್ಯಕ್ಕೆ ಮರಳುವಂತಿಲ್ಲ. ತಂಡದ ನಾಯಕನಿಗೆ ಬರುವ ಈ ಧರ್ಮಸಂಕಟವೇ ಆಟದ ಜೀವವೆಂದು ಹಳಬರ ವಾದ. ಅದನ್ನು ನಾವು ಹಗುರವಾಗಿ ಕಾಣಲಾರೆವು. ಇತ್ತ 2015ರಲ್ಲಿ ಆಡಂ ವೇನ್‌ರೈಟ್ ಎಂಬ ಪ್ರಸಿದ್ಧ ಪಿಚರರು ಚೆಂಡನ್ನು ಹೊಡೆದು ಓಡತೊಡಗಿದಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದು, ಋತುವಿನ ಬಹುಭಾಗವನ್ನು ಕಳೆದುಕೊಂಡರು. ಒಗ್ಗದ ಕೆಲಸಕ್ಕೆ ಅಷ್ಟು ದುಬಾರಿ ತೋಳನ್ನು ಒಡ್ಡುವುದೇಕೆ ಎಂದು ಒಡೆಯರು ಕೇಳಿದರೆ ಆಶ್ಚರ್ಯವಿಲ್ಲ.

ಸಾಂಕ್ರಾಮಿಕದ ವರ್ಷವಾದ 2020ರಲ್ಲಿ ತಾತ್ಕಾಲಿಕವಾಗಿಯೂ, 2022ರಿಂದ ಸ್ಥಿರವಾಗಿಯೂ ನ್ಯಾಷನಲ್ ಲೀಗ್ ಮಣಿಯಿತು. ಎರಡೂ ವಿದ್ಯೆಗಳಲ್ಲಿ ಪಾರಂಗತರಾದ ಜಪಾನಿನ ಶೋಹೇ ಓಟಾನಿಯಂಥವರಿಗಾಗಿ ಅದೇ ವರ್ಷ ಇನ್ನೊಂದು ತಿದ್ದುಪಡಿಯೂ ಬಂದಿತು: ಪಂದ್ಯವನ್ನು ಆರಂಭಿಸಿದ ಪಿಚರನೇ ನಿಯುಕ್ತ ದಾಂಡಿಗನೂ ಆಗಿದ್ದರೆ, ಎಸೆತ ನಿಲ್ಲಿಸಿದ ಮೇಲೂ ಅವನು ದಾಂಡಿಗನಾಗಿ ಉಳಿಯಬಹುದು.

ವಾದ ಇಷ್ಟಕ್ಕೇ ನಿಂತಿಲ್ಲ. ಆರಂಭದ ಪಿಚರನನ್ನು ಬೇಗನೆ ಹಿಂದೆಗೆಯುವ ರೂಢಿ ಬೆಳೆದುದರಿಂದ, ಹೊಸ ನಿಯಮಗಳನ್ನು ಪರೀಕ್ಷಿಸುವ ಕಣವಾಗಿದ್ದ ಅಟ್ಲಾಂಟಿಕ್ ಲೀಗಿನಲ್ಲಿ 2021ರಲ್ಲಿ ಜಾಣತನದ ಉಪಾಯವೊಂದನ್ನು ಹೂಡಿದರು. ಆರಂಭದ ಪಿಚರನು ಹೊರಬಂದೊಡನೆ ನಿಯುಕ್ತ ದಾಂಡಿಗನೂ ಹೊರಬರಬೇಕು! ಹಳೆಯ ಧರ್ಮಸಂಕಟ ಹೊಸ ವೇಷದಲ್ಲಿ ಮರಳಿತು. 2023ರಲ್ಲಿ ಅದನ್ನು ತುಸು ಸಡಿಲಿಸಿ, ಪಿಚರನು ಐದು ಇನ್ನಿಂಗ್ಸ್‌ಗಳನ್ನು ಪೂರೈಸಿದ್ದರೆ ದಾಂಡಿಗನು ಉಳಿಯಬಹುದೆಂದು ಮಾಡಿದರು.