ಒಣದ್ರಾಕ್ಷಿ ಅಲ್ಲ ಮಾಮಾ, ಮಣೂಕ!

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಹೊರಟರೆ ದ್ರಾಕ್ಷಿ ತೋಟ, ಮಣೂಕ ಒಣಗಿಸುವ ಶೆಡ್‌ಗಳು ಕಾಣ್ತಾವೆ. ಅಲ್ಲಿರುವ ಅಕ್ಕನ ಮಗಳಿಗಾಗಿ ಒಂದು ಕಥೆ ಬರೆದೆ: ಶೆಡ್ಡಿನ ಬಲೆಯಿಂದ ತಪ್ಪಿಸಿಕೊಂಡು ಓಡಿದ ದ್ರಾಕ್ಷಿಯದು. ಓದಿ ಹೇಳುವಾಗ ಎರಡನೇ ಸಾಲಿಗೇ ತಡೆದಳು.

“ಒಣದ್ರಾಕ್ಷಿ ಅಂದ್ರ ಮಣೂಕ ಏನ್ ಮಾಮಾ?”

“ಹೌದು.”

“ಮತ್ತ ಹಂಗ ಬರಿ.”

ಮಕ್ಕಳಿಗೆ ಬರೆಯುವವರ ಹಳೇ ತಕರಾರಿದು: ಊರ ಮಾತೋ, ಪಠ್ಯಪುಸ್ತಕದ ಭಾಷೆಯೋ? ಮಣೂಕ ಅಂದರೆ ಮೈಸೂರಿನ ಮಗುವಿಗೆ ತಿಳಿಯದು ಅಂತ ಹೆದರಿಕೆ. ಪಕ್ಕದಲ್ಲಿ ಚಿತ್ರ ಇರೋದು ಮತ್ಯಾಕೆ? ಚಿತ್ರ ಹೇಳಿದ್ದನ್ನು ಸಾಲು ಮತ್ತೆ ಹೇಳಬೇಕಿಲ್ಲ.

ಇದೇ ಜಿಲ್ಲೆಯ ಕಂಚ್ಯಾಣಿ ಶರಣಪ್ಪನವರಿಗೆ 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅವರಿಗಿಂತ ಹಿರಿಯರಾದ ಮಕ್ಕಳ ಕವಿ ಶಂ. ಗು. ಬಿರಾದಾರ ವೃತ್ತಿಯಿಂದ ಮಾಸ್ತರರು. ಮಾಸ್ತರರಿಗೆ ದಿನಾ ಎದುರಿಗೆ ಒಂದು ತರಗತಿ ಇರುತ್ತೆ. ಸಾಲು ಎಡವಿದರೆ ಹಿಂದಿನ ಬೆಂಚು ಆಕಳಿಸುತ್ತೆ, ಪ್ರಾಸ ಕೂತರೆ ಮನೆತನಕ ಹಾಡಿಕೊಂಡು ಹೋಗುತ್ತೆ. ನಮ್ಮಂಥ ಐಟಿಯವರು ಬರೆಯೋದು ರಾತ್ರಿ ಹತ್ತರ ಮೇಲೆ, ಲ್ಯಾಪ್‌ಟಾಪ್ ಮುಂದೆ. ಅದು ಆಕಳಿಸಲ್ಲ.

ತಿದ್ದಿದೆ. ನಿರೂಪಣೆ ಪುಸ್ತಕದ ಕನ್ನಡ, ದ್ರಾಕ್ಷಿಯ ಮಾತು ಮಾತ್ರ ನಮ್ಮೂರಿನದು. ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆಯೆಲ್ಲ ಕತ್ತರಿ ಹಾಕಿದೆ. ಮೂರು ಪುಟದ ಕಥೆ ಒಂದೂವರೆಗೆ ಇಳಿಯಿತು. ಈ ಸಲ ಕೊನೆತನಕ ಕೇಳಿದಳು.

“ದ್ರಾಕ್ಷಿ ಎಲ್ಲಾ ಓಡಿ ಹೋದ್ರ ಅಪ್ಪಗ ರೊಕ್ಕ ಹೆಂಗ ಬರತೈತಿ?”

ಕೊನೆಯ ಪುಟ ಇನ್ನೂ ಖಾಲಿ ಇದೆ.