ಕಡಲತಡಿಯ ಹಿಮಸರೋವರ

ಭೂಮಿಯ ಮೇಲಣ ಅನೇಕ ಸರೋವರಗಳು ಸಾವಿರಾರು ವರ್ಷಗಳಷ್ಟು ಹಳೆಯವು. ಐಸ್‌ಲೆಂಡಿನ ಆಗ್ನೇಯ ತೀರದ ಯೋಕುಲ್‌ಸಾರ್ಲೋನ್ ಸರೋವರವಾದರೋ 1930ರ ದಶಕದಲ್ಲಿ ಹುಟ್ಟಿದುದು.

ವಾಟ್ನಯೋಕುಲ್ ಎಂಬ ವಿಶಾಲ ಹಿಮರಾಶಿಯಿಂದ ಇಲ್ಲಿಗೆ ಒಂದು ಹಿಮನದಿ ಇಳಿದುಬರುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಅದರ ತುದಿ ಕಡಲಿಗೆ ಬಹು ಸಮೀಪವಿದ್ದಿತು. ಮೆಲ್ಲಮೆಲ್ಲನೆ ಸರಿಯುವ ಆ ಮಂಜುಗಡ್ಡೆಯು ತನ್ನ ಭಾರದಿಂದ ನೆಲವನ್ನು ಉಜ್ಜಿ, ಸಮುದ್ರಮಟ್ಟಕ್ಕಿಂತಲೂ ಬಹು ಕೆಳಗಿಳಿಯುವ ಕಂದಕವನ್ನು ಕೊರೆದಿತ್ತು. ಮುಂದೆ ಹವೆ ಬೆಚ್ಚಗಾಗಲು ಹಿಮನದಿ ಹಿಂಜರಿಯಿತು. ತೆರವಾದ ಕಂದಕದಲ್ಲಿ ಕರಗಿದ ನೀರು ನಿಂತಿತು. ಇದರ ಆಳ 240 ಮೀಟರಿಗೂ ಹೆಚ್ಚು. ಐಸ್‌ಲೆಂಡಿನಲ್ಲಿ ಇದಕ್ಕಿಂತ ಆಳವಾದ ಸರೋವರವಿಲ್ಲ.

ಹಿಮನದಿಯ ಮುಖದಿಂದ ಕಳಚಿದ ಗಡ್ಡೆಗಳು ನೀರಿನಲ್ಲಿ ತೇಲುತ್ತವೆ. ಕೆಲವು ಬಿಳಿ, ಕೆಲವು ಕಡುನೀಲಿ. ಗಾಳಿಗುಳ್ಳೆಗಳು ತುಂಬಿದ ಗಡ್ಡೆಯಲ್ಲಿ ಬೆಳಕು ಎಲ್ಲೆಡೆಗೂ ಚದರಿ ಬಿಳುಪು ಕಾಣುವುದು. ಒತ್ತಡಕ್ಕೆ ಸಿಕ್ಕಿ ಗುಳ್ಳೆಗಳಡಗಿದ ಗಟ್ಟಿ ಗಡ್ಡೆಯೊಳಗೆ ಬೆಳಕು ದೂರ ಸಾಗುವಾಗ ಕೆಂಪು ಕಿರಣಗಳು ಹೀರಲ್ಪಟ್ಟು ನೀಲಿ ಉಳಿಯುವುದು.

ಒಂದು ಚಿಕ್ಕ ಹೊಳೆ ಸರೋವರವನ್ನು ಕಡಲಿಗೆ ಕೂಡಿಸುತ್ತದೆ. ಭರತದ ವೇಳೆ ಉಪ್ಪುನೀರು ಒಳನುಗ್ಗುತ್ತದೆ. ಅದರೊಡನೆ ಮೀನುಗಳೂ, ಅವನ್ನು ಅರಸಿ ಸೀಲುಗಳೂ ಬರುತ್ತವೆ. ಆದರೆ ಕಡಲನೀರು ತರುವ ಶಾಖವು ಗಡ್ಡೆಗಳನ್ನೂ ಹಿಮನದಿಯ ಅಂಚನ್ನೂ ಕರಗಿಸುತ್ತದೆ. ಹೀಗೆ ಹಿಮನದಿ ಕುಗ್ಗಿದಂತೆಲ್ಲ ಸರೋವರ ಹಿಗ್ಗುತ್ತಿದೆ.

ಇದರ ಪರಿಣಾಮ ತೀರದಲ್ಲಿಯೂ ಕಾಣುತ್ತಿದೆ. ಹಿಮನದಿ ಅರೆದ ಮರಳು, ಜಲ್ಲಿಗಳನ್ನು ಹಿಂದೆ ಹೊಳೆಯು ಕಡಲತೀರಕ್ಕೆ ತಂದು ಸುರಿಯುತ್ತಿತ್ತು. ಈಗ ಅವು ಸರೋವರದ ತಳದಲ್ಲಿಯೇ ತಂಗುತ್ತವೆ. ಅಲೆಗಳು ಕೊಚ್ಚಿದ ದಂಡೆಯನ್ನು ತುಂಬಲು ಹೂಳು ಸಾಲದೆ ತೀರವು ಸವೆಯುತ್ತಿದೆ. ದ್ವೀಪವನ್ನು ಸುತ್ತುವ ಹೆದ್ದಾರಿಯೂ, 1967ರಲ್ಲಿ ಹೊಳೆಗೆ ಕಟ್ಟಿದ ಸೇತುವೆಯೂ ಇದೇ ಕಿರಿದಾದ ನೆಲದ ಮೇಲಿವೆ. ಅವುಗಳ ರಕ್ಷಣೆಗಾಗಿ ದಂಡೆಗೆ ಬಂಡೆಗಳನ್ನು ಹಾಸಬೇಕಾಗಿ ಬಂದಿದೆ.