ತಿಮ್ಮೋಜನ ಹಾದಿಯಲ್ಲಿ

ಕಡಲ್ಗಳ್ಳನೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಕಥೆಪುಸ್ತಕದ ಒಕ್ಕಣ್ಣಿನ ಪರದೇಶಿ. ಆದರೆ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿಯೇ ಅಂಥವನೊಬ್ಬನಿದ್ದು, ಚರಿತ್ರೆಯ ಪ್ರವಾಹವನ್ನೇ ತಿರುಗಿಸಿದನೆಂಬುದು ಬಹುಮಂದಿಗೆ ತಿಳಿಯದು. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದಿದ್ದಾರೆ. ನಮ್ಮವರು ತಿಮ್ಮೋಜ ಅಥವಾ ತಿಮ್ಮಯ್ಯ ಎನ್ನುತ್ತಾರೆ. ಅವನ ಬಾಳಿನ ಹಾದಿಯನ್ನು ಹೊನ್ನಾವರದಿಂದ ಹಳೆಯ ಗೋವೆಯವರೆಗೆ ಎರಡು ದಿನಗಳಲ್ಲಿ ನೋಡಿ ಬರಬಹುದು. ಕಳೆದ ರಜೆಯಲ್ಲಿ ನಾನು ಹಾಗೆ ಹೋಗಿಬಂದೆನು. ವಾಚಕರೂ ನನ್ನೊಡನೆ ಹೊರಡಲಿ.

ಮೊದಲನೆಯ ನಿಲ್ದಾಣ ಹೊನ್ನಾವರ. ಶರಾವತಿಯು ಸಮುದ್ರವನ್ನು ಸೇರುವ ಅಳಿವೆಯಲ್ಲಿ ಇಂದು ಮೀನುದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. ಆ ಕಾಲದಲ್ಲಿ ಇಲ್ಲಿ ಕುದುರೆಗಳು ಇಳಿಯುತ್ತಿದ್ದವು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ತಾನ ಮತ್ತು ಪಾರಸಿ ಕೊಲ್ಲಿಯ ಕಡೆಯಿಂದ ಹಡಗಿನಲ್ಲಿಯೇ ಬರಬೇಕಾಗಿದ್ದಿತು. 15ನೆಯ ಶತಮಾನದ ಉತ್ತರಾರ್ಧದಲ್ಲಿ ಗೋವೆಯು ವಿಜಯನಗರದ ಕೈತಪ್ಪಿ ಬಹಮನಿಗಳಿಗೂ, ಅನಂತರ ಬಿಜಾಪುರದ ಆದಿಲಶಾಹಿಗೂ ಸೇರಿತು. ಆದುದರಿಂದ ಹೊನ್ನಾವರ, ಭಟ್ಕಳ ಬಂದರುಗಳ ಬೆಲೆ ಏರಿತು. ಗೋವೆಯ ಕಡೆಗೆ ಸಾಗುವ ಹಡಗುಗಳನ್ನು ಅಡ್ಡಗಟ್ಟುವುದೇ ತಿಮ್ಮೋಜನ ಕಸುಬು. ವರ್ತಕನ ಕಣ್ಣಿಗೆ ಅದು ದರೋಡೆ. ಹೊನ್ನಾವರದ ಅರಸನ ಕಣ್ಣಿಗೆ ಅದು ಸೇವೆ.

ಅಲ್ಲಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರು ಸಾಗಿದರೆ ಕಾರವಾರ. ಅದರ ಸಮೀಪದಲ್ಲಿ, ದಡದಿಂದ ತುಸು ದೂರಕ್ಕೆ ಅಂಜುದೀವ್ ದ್ವೀಪವಿದೆ. ಅದು ಈಗ ನೌಕಾಪಡೆಯ ವಶದಲ್ಲಿರುವುದರಿಂದ ದೂರದಿಂದಲೇ ನೋಡಿ ತೃಪ್ತಿಪಡಬೇಕು. 1498ರಲ್ಲಿ ವಾಸ್ಕೋ ಡ ಗಾಮನು ಹಿಂದಿರುಗುವಾಗ ಇಲ್ಲಿ ತಂಗಿದ್ದನು. ಆಗ ತಿಮ್ಮೋಜನು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಸೊಪ್ಪುಸದೆಗಳಿಂದ ಮರೆಮಾಡಿ, ತೇಲುವ ತೆಪ್ಪವೆಂಬಂತೆ ಅವನ ಮೇಲೆ ಏರಿಹೋದನೆಂದು ಪೋರ್ಚುಗೀಸ ಚರಿತ್ರಕಾರರು ಹೇಳುತ್ತಾರೆ. ಗಾಮನ ಫಿರಂಗಿಗಳು ಆ ಉಪಾಯವನ್ನು ಮುರಿದವು. 1505ರಲ್ಲಿ ಅಲ್ಮೇಡನು ಇದೇ ದ್ವೀಪದಲ್ಲಿ ಕೋಟೆ ಕಟ್ಟಿಸಿ, ಬಳಿಕ ಹೊನ್ನಾವರಕ್ಕೆ ಹೋಗಿ ಅಲ್ಲಿಯ ಹಡಗುಗಳನ್ನು ಸುಟ್ಟನು. ತಿಮ್ಮೋಜನು ಸಂಧಿಗೆ ಬಂದನು. ಸೋತವನು ಸ್ನೇಹಿತನಾದದ್ದು ಹೀಗೆ.

ಇನ್ನು ಗೋವೆ. 1510ರ ಆರಂಭದಲ್ಲಿ ಅಲ್ಬುಕರ್ಕನು ಕೆಂಪು ಸಮುದ್ರದ ಕಡೆಗೆ ಹೊರಟಿದ್ದನು. ಅವನ ಮನಸ್ಸನ್ನು ಗೋವೆಯತ್ತ ತಿರುಗಿಸಿದವನು ತಿಮ್ಮೋಜನೇ. ನಗರವು ಹೆಚ್ಚಿನ ಹೋರಾಟವಿಲ್ಲದೆ ಕೈವಶವಾಯಿತು. ತಿಮ್ಮೋಜನಿಗೆ ಗೋವೆ ತನಗೇ ದೊರೆಯಬಹುದೆಂಬ ಆಸೆಯಿದ್ದಿತು. ದೊರೆತದ್ದು ಕಂದಾಯ ಎತ್ತುವ ಅಧಿಕಾರ ಮಾತ್ರ. ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯವು ನಗರವನ್ನು ಮರಳಿ ಪಡೆಯಿತು. ಮಳೆಗಾಲವೆಲ್ಲ ಮಾಂಡವಿಯಲ್ಲಿ ಸಿಕ್ಕಿಬಿದ್ದು ಪಾರಾದ ಅಲ್ಬುಕರ್ಕನು ನವೆಂಬರ್ 25ರಂದು ಪುನಃ ನುಗ್ಗಿ ಗೆದ್ದನು. ನಗರದ ಮುಸಲ್ಮಾನರ ಕಗ್ಗೊಲೆ ನಡೆಯಿತು. ಅದನ್ನು ಅವನೇ ತನ್ನ ದೊರೆಗೆ ಬರೆದು ತಿಳಿಸಿದ್ದಾನೆ. ಕಾಲಕ್ರಮದಲ್ಲಿ ಕಂದಾಯದ ಅಧಿಕಾರವೂ ತಿಮ್ಮೋಜನ ಕೈಬಿಟ್ಟು, ಹೊನ್ನಾವರದ ಅರಸುಮನೆತನದ ಮಲ್ಹಾರರಾಯನ ಪಾಲಾಯಿತು.

ಗುಡಾರದೊಳಗೆ ತಲೆಯಿಟ್ಟ ಒಂಟೆಯ ಕಥೆ ನಮಗೆಲ್ಲ ಗೊತ್ತು. ಒಬ್ಬ ಒಡೆಯನನ್ನು ಹೊರಡಿಸಲು ಕರೆದ ಅತಿಥಿಯು 1961ರವರೆಗೆ, ಅಂದರೆ 451 ವರ್ಷ, ಏಳಲೇ ಇಲ್ಲ.

ಹಳೆಯ ಗೋವೆಯಲ್ಲಿ ಸಂತ ಕ್ಯಾಥರೀನಳ ಪುಟ್ಟ ಪ್ರಾರ್ಥನಾಮಂದಿರವಿದೆ. ಅಲ್ಬುಕರ್ಕನು ಒಳಹೊಕ್ಕ ಬಾಗಿಲು ಇದ್ದುದು ಇಲ್ಲಿಯೇ ಎಂದು ಅಲ್ಲಿಯ ಕಲ್ಲು ಸಾರುತ್ತದೆ. ಬಾಗಿಲು ತೋರಿಸಿದವನ ಹೆಸರು ಅದರಲ್ಲಿಲ್ಲ. ಹೊನ್ನಾವರದಲ್ಲಿಯೂ ಅವನ ಹೆಸರಿನ ಫಲಕವೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ನನ್ನ ತಂದೆಯವರಿಗೆ ಹೇಳಿದೆನು. ಅವರು ದೋಣಿಯಲ್ಲಿ ಬಾಳು ಸವೆಸಿದವರು; ಅಕ್ಷರ ಬಾರದವರು. ಎಲ್ಲವನ್ನೂ ಕೇಳಿ, "ಅವನನ್ನು ಕಳ್ಳ ಎಂದು ಬರೆದವರು ಯಾರು?" ಎಂದರು. ಪೋರ್ಚುಗೀಸರೆಂದೆನು. "ಅವನು ಏನು ಬರೆದಿಟ್ಟ?" ಎಂದರು. ಏನೂ ಇಲ್ಲವೆಂದೆನು. ಅವರು ಬಲೆಯನ್ನು ಕೈಗೆತ್ತಿಕೊಂಡು ಸುಮ್ಮನಾದರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೂರು ವರ್ಷ ಇತಿಹಾಸವನ್ನು ಓದಿದ ನನಗೆ ಹೊಳೆಯದ ಪ್ರಶ್ನೆ ಅವರಿಗೆ ಹೊಳೆಯಿತು. ತಿಮ್ಮೋಜನು ದೇಶಭಕ್ತನೆಂದು ನಾನು ವಾದಿಸುವುದಿಲ್ಲ. ಅವನ ಕೈಗಳು ಶುದ್ಧವಾಗಿರಲಿಲ್ಲ. ಆದರೆ ಹಡಗು ಸುಟ್ಟ ಅಲ್ಮೇಡನು ವೈಸರಾಯ್, ಹಡಗು ತಡೆದ ತಿಮ್ಮೋಜನು ಕಳ್ಳ ಎಂಬುದು ಯಾವ ನ್ಯಾಯ? ಮುಂದೊಂದು ದಿನ ಈ ಹಾದಿಗೆ ಫಲಕಗಳನ್ನು ನೆಡುವುದಾದರೆ, ಅವನು ಮಾಡಿದುದನ್ನೂ ಅದರಿಂದ ಆದುದನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕು. ಆ ಬರವಣಿಗೆ ಈ ತೀರದವರಾದ ನಮ್ಮ ಕೈಯಿಂದಲೇ ಆಗಬೇಕು.